ಬರಗಾಲವೂ ಬೇಟೆಯ ಹಕ್ಕಿಗಳೂ

ಬಾಲ್ಯದಲ್ಲಿ ಪಾಠಶಾಲೆಯ ಜಗಲಿಯ ಮೇಲೆ ಕುಳಿತು ಅಮರಕೋಶದ ಸಿಂಹಾದಿವರ್ಗವನ್ನು ಬಾಯಿಪಾಠ ಮಾಡುತ್ತಿದ್ದಾಗ ತಿತ್ತಿರಿ, ಲಾವ, ಚಕೋರ ಮೊದಲಾದ ಹೆಸರುಗಳು ನಮ್ಮ ನಾಲಗೆಯ ಮೇಲೆ ಸರಾಗವಾಗಿ ಹರಿದಾಡುತ್ತಿದ್ದುವು. ಆದರೆ ಅದೇ ಪಾಠಶಾಲೆಯ ಹಿಂದಣ ಹುಲ್ಲುಬಯಲಿನಲ್ಲಿ ಬೆಳಕು ಹರಿಯುತ್ತಲೇ ಕೂಗೆಬ್ಬಿಸುತ್ತಿದ್ದ ಗೌಜುಗನು ತಿತ್ತಿರಿಯ ಕುಲದವನೆಂಬುದು ನನಗೆ ತಿಳಿದುದು ಎಷ್ಟೋ ವರ್ಷಗಳ ಮೇಲೆ. ಗುರುಗಳು ಶಬ್ದವನ್ನು ಕಲಿಸಿದರು. ಅರ್ಥವು ಬಯಲಿನಲ್ಲಿ ಕೂಗುತ್ತಲೇ ಇದ್ದಿತು. ನಾವು ಕಿವಿಗೊಡಲಿಲ್ಲ.

ಆ ಬಯಲಿಗೆ ಊರಿನಲ್ಲಿ ಕಾವಲು ಎಂದು ಹೆಸರು. ಅಲ್ಲಿ ದನ ಮೇಯಿಸುತ್ತಿದ್ದ ಮುದುಕನೊಬ್ಬನು, ಅಕ್ಷರವನ್ನೇ ಅರಿಯದವನು, ಒಮ್ಮೆ ನಮ್ಮೊಡನೆ ಮಾತಿಗೆ ನಿಂತು, "ಸ್ವಾಮೀ, ಆರಿದ್ರೆ ಕೈಕೊಟ್ಟ ವರ್ಷ ಲಾವುಗೆ ಮರಿ ಮಾಡಾಕಿಲ್ಲ, ಮಾಡಿದ್ರೂ ಉಳಿಯಾಕಿಲ್ಲ" ಎಂದು ಹೇಳಿದ್ದನು. ಹುಡುಗರಾದ ನಾವು ನಕ್ಕೆವು. ಹಕ್ಕಿಗೆ ಪಂಚಾಂಗವೆಲ್ಲಿಯದು ಎಂದು ನಮ್ಮ ಎಣಿಕೆ. ಮುದುಕನ ಮಾತು ಎಷ್ಟು ಸತ್ಯವಾದುದು, ಯಾವ ಕಾರಣದಿಂದ ಸತ್ಯವಾದುದು, ಮತ್ತು ಈಗ ಅದು ಎಷ್ಟರಮಟ್ಟಿಗೆ ಸಾಲದಾಗಿದೆ ಎಂಬುದನ್ನು ಚರಿತ್ರೆಯ ದಾರಿಯಲ್ಲಿ ಹಿಡಿದು ನೋಡಬೇಕೆಂಬುದೇ ಈ ಲೇಖನದ ಉದ್ದೇಶ.

ನಮ್ಮ ಪೂರ್ವಿಕರಿಗೆ ಈ ಹಕ್ಕಿಗಳ ಪರಿಚಯವು ಚೆನ್ನಾಗಿದ್ದಿತು. ಋಗ್ವೇದದಲ್ಲಿ ಅಶ್ವಿನೀದೇವತೆಗಳು ತೋಳದ ಬಾಯಿಯಿಂದ ವರ್ತಿಕೆಯೆಂಬ ಹಕ್ಕಿಯನ್ನು ಬಿಡಿಸಿದ ಸಂಗತಿಯು ಒಂದಕ್ಕಿಂತ ಹೆಚ್ಚು ಕಡೆ ಬರುವುದು. ವರ್ತಿಕೆ ಎಂದರೆ ಲಾವುಗೆಯ ಜಾತಿಯದು. ಮರಳಿ ಮರಳಿ ಬರುವುದು ಎಂದು ಆ ಪದವನ್ನು ಬಿಡಿಸಿದ ವಿದ್ವಾಂಸರೂ ಉಂಟು. ವೈಶಂಪಾಯನನ ಶಿಷ್ಯರು ತಿತ್ತಿರಿಪಕ್ಷಿಗಳಾಗಿ ಯಾಜ್ಞವಲ್ಕ್ಯನು ಉಗುಳಿದ ಯಜುಸ್ಸನ್ನು ಆಯ್ದುಕೊಂಡರೆಂಬ ಪುರಾಣಕಥೆಯನ್ನು ವಾಚಕರು ಬಲ್ಲರು. ತೈತ್ತಿರೀಯವೆಂಬ ಹೆಸರಿಗೆ ಅದೇ ಮೂಲವೆಂದು ಹೇಳುವರು. ಆಯುರ್ವೇದದವರು ಇವುಗಳನ್ನು ವಿಷ್ಕಿರವರ್ಗದಲ್ಲಿ, ಎಂದರೆ ಕಾಲಿನಿಂದ ನೆಲವನ್ನು ಕೆದರಿ ತಿನ್ನುವವುಗಳಲ್ಲಿ ಸೇರಿಸಿದರು. ಈ ವರ್ಗೀಕರಣವು ನಿಜವಾಗಿ ನೋಡಿದವರದು. ಕೆದರಿ ತಿನ್ನುವ ಹಕ್ಕಿಯ ಬಾಳು ನೆಲಕ್ಕೆ ಅಂಟಿದುದು. ನೆಲದ ಬಾಳು ಮಳೆಗೆ ಅಂಟಿದುದು. ನಮ್ಮ ಕಲ್ಯಾಣದ ಚಾಲುಕ್ಯರಾಜನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಬೇಟೆಯ ವಿನೋದದ ಜೊತೆಗೆ ಲಾವುಗೆಗಳನ್ನು ಕಾದಾಡಿಸುವ ವಿನೋದಕ್ಕೂ ಎಡೆ ಕೊಟ್ಟಿರುವನು. ಅರಸರಿಗೆ ಈ ಹಕ್ಕಿಗಳು ಎಷ್ಟು ಬೇಕಾಗಿದ್ದುವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬೇಕಾದುದನ್ನು ಕಾಯುವ ವಿಚಾರವೂ ಹಳೆಯದೇ. ಅಶೋಕನು ಪಟ್ಟಾಭಿಷೇಕವಾಗಿ ಇಪ್ಪತ್ತಾರು ವರ್ಷಗಳಾದ ಮೇಲೆ ಹೊರಡಿಸಿದ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯೊಂದಿದೆ. ಗಿಳಿ, ಗೊರವಂಕ, ಚಕ್ರವಾಕ, ಹಂಸ ಮೊದಲಾದವು ಅಲ್ಲಿವೆ. ಗಬ್ಬವಾದ ಅಥವಾ ಹಾಲೂಡುವ ಆಡು, ಕುರಿ, ಹಂದಿಗಳನ್ನೂ ಆರು ತಿಂಗಳು ತುಂಬದ ಅವುಗಳ ಮರಿಗಳನ್ನೂ ಕೊಲ್ಲಕೂಡದೆಂದೂ, ಕಾಡನ್ನು ಸುಮ್ಮನೆ ಸುಡಕೂಡದೆಂದೂ ವಿಧಿಸಿದೆ. ತಾಯಿಯನ್ನೂ ಮರಿಯನ್ನೂ ಬೇಟೆಯಿಂದ ಬಿಡಬೇಕೆಂಬ ತತ್ತ್ವವು ಇದರಲ್ಲಿ ಸ್ಪಷ್ಟವಾಗಿದೆ. ಆದರೆ ತಿತ್ತಿರಿಯ ಹೆಸರಾಗಲಿ ಲಾವದ ಹೆಸರಾಗಲಿ ಆ ಪಟ್ಟಿಯಲ್ಲಿಲ್ಲ. ಬಾಣಸಿಗರ ಪ್ರಾಬಲ್ಯವು ಚಕ್ರವರ್ತಿಯ ಆಸ್ಥಾನದಲ್ಲಿಯೂ ಇದ್ದಿತೋ ಏನೋ!

ಮಳೆಯನ್ನು ಅಳೆಯುವುದನ್ನೂ ನಮ್ಮವರು ಬಲ್ಲವರಾಗಿದ್ದರು. ಕೌಟಿಲ್ಯನು ಉಗ್ರಾಣದಲ್ಲಿ ಒಂದು ಅರತ್ನಿ ಅಗಲದ ಬಾಯಿಯುಳ್ಳ ಪಾತ್ರೆಯನ್ನು ಮಳೆಯ ಅಳತೆಗೆಂದು ಇಡಿಸುವನು. ಅಶ್ಮಕದೇಶಕ್ಕೆ ಹದಿಮೂರೂವರೆ ದ್ರೋಣ, ಅವಂತಿಗೆ ಇಪ್ಪತ್ತಮೂರು ದ್ರೋಣ ಎಂದು ಲೆಕ್ಕವನ್ನೂ ಕೊಡುವನು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮೇಘಗಳ ಗರ್ಭಧಾರಣೆಯನ್ನು ಕುರಿತು ಅಧ್ಯಾಯಗಳೇ ಇವೆ. ಹೀಗೆ ಒಂದು ಕಡೆ ಮಳೆಯ ಲೆಕ್ಕ, ಇನ್ನೊಂದು ಕಡೆ ಹಕ್ಕಿಯ ಹೆಸರು. ಇವೆರಡನ್ನೂ ಒಂದೇ ಓಲೆಯಲ್ಲಿ ಬರೆದವರು ಮಾತ್ರ ಇಲ್ಲ. ಆ ಕೆಲಸವು ದನಗಾಹಿಯ ನೆನಪಿನಲ್ಲಿ ನಡೆದುಬಂದಿತು.

ಅವನ ನೆನಪಿನ ಪಂಚಾಂಗವನ್ನು ಈಚಿನ ಪಕ್ಷಿಶಾಸ್ತ್ರಜ್ಞರ ಬರವಣಿಗೆಯೊಡನೆ ಹೊಂದಿಸಿ ನೋಡಿದರೆ ಸ್ವಾರಸ್ಯವಾದ ಒಂದು ಚಿತ್ರವು ಮೂಡುವುದು. ಮಳೆಲಾವುಗೆ ಎಂದು ಕರೆಯುವ ಹಕ್ಕಿಯು ಮುಂಗಾರಿನ ಮೊದಲ ಹದಮಳೆಗಳು ಬಿದ್ದು ಹುಲ್ಲು ಗೇಣುದ್ದ ಎದ್ದೊಡನೆ ಎಲ್ಲಿಂದಲೋ ಬಂದು ಎರಡೆರಡು ದನಿಯ ಕೂಗನ್ನು ಎತ್ತುವುದು. ಪುನರ್ವಸುವಿನಿಂದ ಉತ್ತರೆಯವರೆಗೆ ಅದಕ್ಕೆ ಮೊಟ್ಟೆಯ ಕಾಲ. ಪೊದೆಗಳಲ್ಲಿ ಗುಂಪುಗೂಡಿ ಬಾಳುವ ಇನ್ನೊಂದು ಬಗೆಯ ಲಾವುಗೆಯು ಅವಸರಪಡುವುದಿಲ್ಲ. ಮಳೆಗಾಲವು ಹಿಂದೆಗೆಯುತ್ತ ಹುಲ್ಲಿನ ಬೀಜ ಬಲಿಯುವಾಗ ಅದು ಗೂಡು ಮಾಡುವುದು. ಬಣ್ಣದ ಗೌಜುಗವು ಮಳೆಗಾಲವನ್ನೇ ನಂಬಿದುದು. ಬೂದುಗೌಜುಗಕ್ಕೆ ಇಷ್ಟು ಕಟ್ಟುನಿಟ್ಟಿಲ್ಲ, ವರ್ಷದ ಹಲವು ತಿಂಗಳುಗಳಲ್ಲಿ ಅದರ ಮೊಟ್ಟೆ ಸಿಕ್ಕುವುದುಂಟು. ನವಿಲಿನ ವಿಷಯವನ್ನು ಕವಿಗಳು ಹೇಳಿ ಮುಗಿಸಿದ್ದಾರೆ.

ಇವೆಲ್ಲಕ್ಕೂ ತದ್ವಿರುದ್ಧವಾದುದು ಇಂಗ್ಲಿಷರು ಸ್ಯಾಂಡ್‌ಗ್ರೌಸ್ ಎನ್ನುವ, ಪಾರಿವಾಳದಂತೆ ಕಾಣುವ ಬಯಲುಹಕ್ಕಿ. ಅದು ಒಣಗಾಲದ ಸುಡುನೆಲದಲ್ಲಿಯೇ ಮರಿ ಮಾಡುವುದು. ಗಂಡುಹಕ್ಕಿಯು ನೀರಿನಲ್ಲಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು, ದೂರ ಹಾರಿ ಬಂದು, ಮರಿಗಳಿಗೆ ಆ ಗರಿಯ ನೀರನ್ನು ಹೀರಲು ಕೊಡುವುದು. ಮೀಡ್-ವಾಲ್ಡೋ ಎಂಬ ಇಂಗ್ಲಿಷನು 1896ರ ವೇಳೆಗೆ ಇದನ್ನು ತಿಳಿಸಿದಾಗ ನಂಬಿದವರು ಕಡಮೆ. 1967ರಲ್ಲಿ ಆಫ್ರಿಕಾದ ಕಲಹಾರಿ ಮರುಭೂಮಿಯಲ್ಲಿ ಕೇಡ್ ಮತ್ತು ಮೆಕ್ಲೀನ್ ಎಂಬವರು ಪರಿಶೀಲಿಸಿ ಬರೆದ ಮೇಲೆ ಸಂದೇಹವು ಹೋಯಿತು. ಬರವನ್ನೇ ಮನೆಯಾಗಿ ಮಾಡಿಕೊಂಡ ಈ ಹಕ್ಕಿಗೂ ನೀರಿನ ಗುಂಡಿಯೊಂದು ಹಾರುವಷ್ಟು ದೂರದಲ್ಲಿ ಇರಲೇಬೇಕು.

ಇನ್ನು ಕಾರಣದ ವಿಚಾರ. ಮಳೆ ಬಂದರೆ ಕುಡಿಯಲು ನೀರು ದೊರೆಯುವುದು, ಅದರಿಂದ ಹಕ್ಕಿಗಳು ಹೆಚ್ಚುವುವು ಎಂದು ಸಾಮಾನ್ಯವಾಗಿ ಊಹಿಸುವರು. ವಿಷಯವು ಅಷ್ಟು ಸುಲಭವಾದುದಲ್ಲ. ಲಾವುಗೆ ಗೌಜುಗಗಳ ಮರಿಗಳು ಮೊಟ್ಟೆಯೊಡೆದ ದಿನವೇ ತಾಯಿಯ ಹಿಂದೆ ಓಡಾಡುವುವು. ಗುಬ್ಬಿಯ ಮರಿಗಳಂತೆ ಗೂಡಿನಲ್ಲಿ ಕುಳಿತು ಬಾಯಿ ತೆರೆಯುವುದಿಲ್ಲ. ತಮ್ಮ ಆಹಾರವನ್ನು ತಾವೇ ಆಯ್ದುಕೊಳ್ಳಬೇಕು. ಬಲಿತ ಹಕ್ಕಿಗೆ ಕಾಳು ಸಾಕು. ಮೊದಲ ಎರಡು ಮೂರು ವಾರಗಳ ಮರಿಗೆ ಕಾಳಿನಿಂದ ಸಾಗದು, ಹುಳು, ಗೆದ್ದಲು, ಮಿಡತೆಯ ಮರಿ ಮೊದಲಾದ ಮೃದುವಾದ ಕೀಟಗಳು ಬೇಕು. ಹಸಿರು ಚಿಗುರಿದಲ್ಲಿ ಕೀಟವುಂಟು. ಮಳೆ ಬಿದ್ದಲ್ಲಿ ಹಸಿರುಂಟು. ಮೊಟ್ಟೆಯಿಡುವ ಹೆಣ್ಣಿಗೂ ಇದೇ ಆಹಾರವು ಪುಷ್ಟಿ. ಹುಲ್ಲು ಎತ್ತರವಾಗಿ ಬೆಳೆದರೆ ಕಾಗೆ, ಮುಂಗುಸಿ, ನರಿಗಳ ಕಣ್ಣಿಗೆ ಗೂಡು ಬೀಳದು. ಬಿಸಿಲಿನ ಝಳವೂ ತಟ್ಟದು. ಹದವಾದ ವರ್ಷದಲ್ಲಿ ಮೊದಲ ಗೂಡು ಕೆಟ್ಟರೂ ಹೆಣ್ಣು ಎರಡನೆಯ ಸಲ ಮೊಟ್ಟೆಯಿಡುವುದು. ಬರದಲ್ಲಿ ಆ ಎರಡನೆಯ ಪ್ರಯತ್ನವೇ ಇಲ್ಲ. ಅತಿವೃಷ್ಟಿಯೂ ಹಾನಿಯೇ. ಎರೆಭೂಮಿಯಲ್ಲಿ ನಾಲ್ಕು ದಿನ ಜಡಿಮಳೆ ಹಿಡಿದರೆ ನೆಲದ ಗೂಡಿನಲ್ಲಿ ನೀರು ನಿಲ್ಲುವುದು; ಮೈಯ ಕಾವನ್ನು ಉಳಿಸಿಕೊಳ್ಳಲಾರದ ಎಳೆಮರಿಗಳು ನೆನೆದು ಚಳಿಯಿಂದ ಸಾಯುವುವು. ಆದ್ದರಿಂದ ಮಳೆಯ ಮೊತ್ತಕ್ಕಿಂತ ಮಳೆಯ ಹದವೇ ಮುಖ್ಯ. ಒಕ್ಕಲಿಗನ ಬೆಳೆಗೂ ಲಾವುಗೆಯ ಬೆಳೆಗೂ ನಿಯಮವು ಒಂದೇ.

ಇದನ್ನು ಲೆಕ್ಕದಿಂದ ತೋರಿಸಿಕೊಟ್ಟವರು ಅಮೆರಿಕದವರು. ಅಲ್ಲಿಯ ಅರಿಜೋನಾ ಪ್ರಾಂತವು ನಮ್ಮ ಬಯಲುಸೀಮೆಗಿಂತಲೂ ಒಣನೆಲ. ಬೇಟೆಗಾರರು ತಂದ ಲಾವುಗೆಗಳ ರೆಕ್ಕೆಯ ಗರಿಗಳನ್ನು ನೋಡಿ ಎಳೆಯವು ಎಷ್ಟು, ಬಲಿತವು ಎಷ್ಟು ಎಂದು ಎಣಿಸಬಹುದು. ಹಾಗೆ ವರ್ಷವರ್ಷವೂ ಎಣಿಸಿ, ಅಲ್ಲಿ ಚಳಿಗಾಲದಲ್ಲಿ ಬೀಳುವ ಮಳೆಯೊಡನೆ ಹೋಲಿಸಿ, ಮಳೆಯಾದ ವರ್ಷಗಳಲ್ಲಿಯೇ ಎಳೆಯ ಹಕ್ಕಿಗಳು ಹೆಚ್ಚೆಂದು ಸ್ವಾಂಕ್ ಮತ್ತು ಗಲ್ಲಿಝಿಯೋಲಿ ಎಂಬವರು 1954ರಲ್ಲಿ ಪ್ರಕಟಿಸಿದರು. ಇದಕ್ಕಿಂತಲೂ ಆಶ್ಚರ್ಯಕರವಾದುದು 1976ರಲ್ಲಿ ಸ್ಟಾರ್ಕರ್ ಲಿಯೊಪೋಲ್ಡ್ ಎಂಬ ವಿದ್ವಾಂಸನೂ ಅವನ ಸಂಗಡಿಗರೂ ಕ್ಯಾಲಿಫೋರ್ನಿಯಾದ ಲಾವುಗೆಗಳ ವಿಷಯದಲ್ಲಿ ಬರೆದುದು. ಮಳೆ ಕಡಮೆಯಾಗಿ ಗಿಡಗಳು ಕುಗ್ಗಿ ಬೆಳೆದ ವರ್ಷಗಳಲ್ಲಿ ಅವುಗಳ ಎಲೆಗಳಲ್ಲಿ ಸ್ತ್ರೀಹಾರ್ಮೋನನ್ನು ಹೋಲುವ ಕೆಲವು ದ್ರವ್ಯಗಳು ಹೆಚ್ಚಾಗಿ ಕೂಡಿಕೊಳ್ಳುವುವೆಂದೂ, ಅಂತಹ ಎಲೆಗಳನ್ನು ತಿಂದ ಹಕ್ಕಿಗಳಲ್ಲಿ ಸಂತಾನವು ತಡೆಯಲ್ಪಡುವುದೆಂದೂ, ಗಿಡಗಳು ಸೊಂಪಾಗಿ ಬೆಳೆದ ವರ್ಷಗಳಲ್ಲಿ ಆ ದ್ರವ್ಯವು ಅತ್ಯಲ್ಪವೆಂದೂ ಅವರು ತೋರಿಸಿದರು. ಹಕ್ಕಿಗೆ ಪಂಚಾಂಗವೆಲ್ಲಿಯದು ಎಂದು ನಕ್ಕ ನಮಗೆ ಇದೇ ಉತ್ತರ. ಅದು ತಿನ್ನುವ ಎಲೆಯಲ್ಲಿಯೇ ಆ ವರ್ಷದ ಫಲವು ಬರೆದಿರಬಹುದು.

ಒಂದು ವರ್ಷ ಮರಿಯಾಗದಿದ್ದರೆ ನಷ್ಟವೇನು, ಮುಂದಿನ ವರ್ಷ ಆಗುವುದಷ್ಟೆ ಎಂದು ಕೇಳಬಹುದು. ಲಾವುಗೆಯ ಆಯುಸ್ಸು ಬಹಳ ಸಣ್ಣದು. ಅಮೆರಿಕದ ಬಾಬ್‌ವೈಟ್ ಎಂಬ ಜಾತಿಯಲ್ಲಿ ನೂರಕ್ಕೆ ಎಪ್ಪತ್ತು ಎಂಬತ್ತು ಹಕ್ಕಿಗಳು ವರ್ಷ ತುಂಬುವುದರೊಳಗೆ ಅಳಿಯುವುವೆಂದು ಲೆಕ್ಕವಿದೆ. ಇಂತಹ ಕುಲಕ್ಕೆ ಒಂದು ಮಳೆಗಾಲ ತಪ್ಪಿದರೆ ಮನೆ ಮುಕ್ಕಾಲು ಬರಿದಾಗುವುದು. ಆದರೆ ಒಂದು ಸೂಲಿಗೆ ಹತ್ತಾರು ಮೊಟ್ಟೆ; ಮಳೆ ಬಂದೊಡನೆ ತುಂಬಿಯೂ ತುಂಬುವುದು. ನಮ್ಮ ಎರೆಭೂತ ಹಕ್ಕಿಯ ಬಾಳು ಬೇರೆ. ಅದು ಬಹುಕಾಲ ಬದುಕುವುದು, ಆದರೆ ಇಡುವುದು ಒಂದೇ ಮೊಟ್ಟೆ. ಒಂದು ಬರವನ್ನು ಅದು ತಾಳಬಲ್ಲುದು. ಬಲಿತ ಹಕ್ಕಿಯೊಂದು ಕೋವಿಗೆ ಬಲಿಯಾದರೆ ಮಾತ್ರ ಆ ಎಡೆ ತುಂಬುವುದು ಕಷ್ಟ.

ಬರವೆಂಬುದು ನಮ್ಮ ನಾಡಿಗೆ ಹೊಸದಲ್ಲ. 1791-92ರ ಡೋಗಿಬರದ ಹೆಸರನ್ನು ಹಿರಿಯರಿಂದ ಕೇಳಿದ್ದೇವೆ. ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಎಂದರೆ 1876ರಿಂದ 1878ರವರೆಗೆ, ಮೈಸೂರು ಸಂಸ್ಥಾನವು ಅನುಭವಿಸಿದುದನ್ನು ಜನಗಣತಿಯೇ ಹೇಳುವುದು: 1871ರಲ್ಲಿ 50 ಲಕ್ಷವಿದ್ದ ಪ್ರಜೆಗಳು 1881ರಲ್ಲಿ 42 ಲಕ್ಷಕ್ಕೆ ಇಳಿದಿದ್ದರು. ಮನುಷ್ಯರು ಎಲೆಬೇರುಗಳನ್ನು ತಿಂದು ಬದುಕಿದ ಆ ಕಾಲದಲ್ಲಿ ಹಕ್ಕಿಯ ಲೆಕ್ಕವನ್ನು ಯಾರೂ ಇಡಲಿಲ್ಲ. ಇಡಬೇಕೆಂದು ಕೇಳುವುದೂ ನ್ಯಾಯವಲ್ಲ. ಆದರೆ ಬರದಲ್ಲಿ ಈ ಹಕ್ಕಿಗಳಿಗೆ ಒದಗುವ ಗತಿಯನ್ನು ತಿಳಿಯಬಹುದು. ಒಂದು ಕಡೆ ಮರಿಯಿಲ್ಲ. ಇನ್ನೊಂದು ಕಡೆ ಉಳಿದ ಹಕ್ಕಿಗಳೆಲ್ಲ ಬತ್ತದ ನಾಲ್ಕು ನೀರಿನ ತಾಣಗಳಿಗೆ ಬಂದು ಸೇರುವುದರಿಂದ ಬಲೆಯೊಡ್ಡುವವನಿಗೆ ಅನುಕೂಲ ಹೆಚ್ಚು. ಹಸಿದವನನ್ನು ದೂಷಿಸುವಂತಿಲ್ಲ. ಹುಟ್ಟು ನಿಂತು ಸಾವು ಹೆಚ್ಚುವ ಕಾಲ ಅದೇ.

ಕೋವಿಯ ಬೇಟೆಯು ಹೆಚ್ಚಾದ ಮೇಲೆ ಕಾನೂನು ಬಂದಿತು. ನೀಲಗಿರಿಯ ಬೇಟೆಯ ಪ್ರಾಣಿಗಳ ರಕ್ಷಣೆಗಾಗಿ ಮದರಾಸು ಸರ್ಕಾರವು 1879ರಲ್ಲಿ ಶಾಸನವನ್ನು ಮಾಡಿತು. 1887ರ ಕಾಡುಪಕ್ಷಿಗಳ ರಕ್ಷಣಾಶಾಸನವು ಮರಿಮಾಡುವ ಕಾಲದಲ್ಲಿ ಹೊಸದಾಗಿ ಕೊಂದ ಹಕ್ಕಿಗಳನ್ನು ಪಟ್ಟಣಗಳಲ್ಲಿಯೂ ದಂಡುಪ್ರದೇಶಗಳಲ್ಲಿಯೂ ಮಾರದಂತೆ ನಿಯಮಿಸಲು ಅಧಿಕಾರ ಕೊಟ್ಟಿತು. ಮೈಸೂರು ಸಂಸ್ಥಾನದಲ್ಲಿ 1901ರಲ್ಲಿ ಬೇಟೆ ಮತ್ತು ಮೀನುಗಳ ರಕ್ಷಣೆಯ ರೆಗ್ಯುಲೇಷನ್ ಬಂದಿತು. 1912ರ ಶಾಸನದ ಪಟ್ಟಿಯಲ್ಲಿ ಗೌಜುಗ, ಲಾವುಗೆ, ಕಾಡುಕೋಳಿ, ನವಿಲು, ಎರೆಭೂತ ಎಲ್ಲವೂ ಸೇರಿದುವು. ಯಾವ ತಿಂಗಳುಗಳಲ್ಲಿ ಬೇಟೆಯನ್ನು ನಿಲ್ಲಿಸಬೇಕೆಂಬುದನ್ನು ಆಯಾ ಪ್ರಾಂತದ ಸರ್ಕಾರವು ಗೊತ್ತುಮಾಡಬಹುದಾಗಿದ್ದಿತು. ಅಶೋಕನು ಬಿಟ್ಟ ಹೆಸರುಗಳು ಕೊನೆಗೂ ಪಟ್ಟಿಗೆ ಸೇರಿದುವೆಂದು ಸಂತೋಷಪಡಬೇಕು. ಆದರೂ ಈ ಶಾಸನಗಳಲ್ಲಿ ಒಂದು ದೋಷವುಂಟೆಂದು ನನಗೆ ತೋರುವುದು. ಅವು ತಿಂಗಳನ್ನು ನೋಡಿದುವು, ಮಳೆಯನ್ನು ನೋಡಲಿಲ್ಲ. ಮುಂಗಾರು ತಡವಾಗಿ ಹಕ್ಕಿಯು ಹಿಂಗಾರಿನವರೆಗೆ ಮೊಟ್ಟೆಯ ಮೇಲೆ ಕುಳಿತಿದ್ದರೂ ಗೊತ್ತಾದ ದಿನಕ್ಕೆ ಬೇಟೆಯ ಬಾಗಿಲು ತೆರೆಯುತ್ತಿದ್ದಿತು. ಮರಿಯೇ ಆಗದ ಬರದ ವರ್ಷದಲ್ಲಿಯೂ ತೆರೆಯುತ್ತಿದ್ದಿತು. ವಸಂತವೆಂದರೆ ಪ್ರತಿವರ್ಷವೂ ಬರುವ ವಸಂತವೇ ಆಗಿರುವ ಇಂಗ್ಲೆಂಡಿನ ಪದ್ಧತಿಯನ್ನು, ಮಳೆಯು ಬಂದರೆ ಬಂದಿತು ಇಲ್ಲವಾದರೆ ಇಲ್ಲವೆನ್ನುವ ನಮ್ಮ ದೇಶಕ್ಕೆ ತಂದುದರ ಫಲವಿದು. 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಬಂದ ಮೇಲೆ ಈ ಚರ್ಚೆಗೆ ಬೆಲೆ ಕಡಮೆಯಾಯಿತು. ಚರಿತ್ರೆಯಲ್ಲಿ ಅದರ ಸ್ಥಾನವನ್ನು ಗುರುತಿಸಿದರೆ ಸಾಕು.

ನಮ್ಮ ಲಾವುಗೆ ಗೌಜುಗಗಳನ್ನು ಬರದ ಮೊದಲೂ ಆಮೇಲೂ ಎಣಿಸಿದ ಲೆಕ್ಕವು ನನ್ನ ಕೈಗೆ ಸಿಕ್ಕಿಲ್ಲ. ಆದರೆ ಹಾಗೆ ಎಣಿಸಿದ ಹಕ್ಕಿಯೊಂದು ಪಶ್ಚಿಮ ಭಾರತದಲ್ಲಿದೆ. ಅದರ ಕಥೆಯಿಂದ ನಮ್ಮ ಹಕ್ಕಿಗಳ ಕಥೆಯೂ ತಿಳಿಯುವುದಾದ್ದರಿಂದ ವಾಚಕರನ್ನು ಸ್ವಲ್ಪ ಹೊತ್ತು ಸೌರಾಷ್ಟ್ರ ಮಾಳವಗಳಿಗೆ ಕರೆದುಕೊಂಡು ಹೋಗುತ್ತೇನೆ.

ಆ ಹಕ್ಕಿಯ ಹೆಸರು ಖರಮೋರ್, ಎಂದರೆ ಹುಲ್ಲಿನ ನವಿಲು. ತೆಲುಗಿನವರು ಅದನ್ನು ನೆಲದ ನವಿಲೆನ್ನುವರು. ಎರೆಭೂತದ ಕುಲದಲ್ಲಿ ಎಲ್ಲಕ್ಕಿಂತ ಚಿಕ್ಕದು, ಹೆಚ್ಚುಕಡಮೆ ಊರಕೋಳಿಯಷ್ಟು. ಉಳಿದ ಕಾಲದಲ್ಲಿ ಹುಲ್ಲಿನ ಬಣ್ಣದಲ್ಲಿ ಹುದುಗಿ, ದಖ್ಖಣದ ಬಯಲುಗಳವರೆಗೂ ಚದರಿ ಬಾಳುವುದು. ಮುಂಗಾರು ಹಿಡಿದೊಡನೆ ಗುಜರಾತು, ರಾಜಸ್ಥಾನ, ಮಾಳವಗಳ ಹುಲ್ಲುಗಾವಲುಗಳಿಗೆ ಬಂದು ಸೇರುವುದು. ಆಗ ಗಂಡಿನ ಮೈ ಕಪ್ಪಾಗುವುದು, ರೆಕ್ಕೆಯಲ್ಲಿ ಬಿಳಿಯ ಪಟ್ಟೆ ಮೂಡುವುದು, ತಲೆಯ ಎರಡು ಕಡೆಗೂ ನಾರಿನಂತಹ ಗರಿಗಳು ಹಿಂದಕ್ಕೆ ಬಾಗಿ ಏಳುವುವು. ಆಳುದ್ದದ ಹುಲ್ಲಿನಲ್ಲಿ ಹೆಣ್ಣಿಗೆ ಕಾಣಿಸಿಕೊಳ್ಳಬೇಕಲ್ಲ! ಅದಕ್ಕಾಗಿ ಗಂಡು ನಿಂತಲ್ಲಿಯೇ ಐದಾರು ಅಡಿ ಮೇಲಕ್ಕೆ ನೆಗೆದು, ರೆಕ್ಕೆಯಿಂದ ಪಟಪಟನೆ ಸದ್ದುಮಾಡಿ, ಕೆಳಕ್ಕೆ ಬೀಳುವುದು. ದಿನಕ್ಕೆ ನಾಲ್ಕೈದು ನೂರು ಸಲ ಹೀಗೆ ನೆಗೆಯುವುದುಂಟು. ಭಾವನಗರದ ರಾಜವಂಶದವರಾದ ಧರ್ಮಕುಮಾರಸಿಂಹಜಿಯವರು 1950ರಲ್ಲಿ ಈ ಪ್ರಣಯನೃತ್ಯದ ಸವಿವರವಾದ ವರ್ಣನೆಯನ್ನು ಪ್ರಕಟಿಸಿದರು.

ಆ ನೆಗೆತವೇ ಅದರ ಮೃತ್ಯುವೂ ಆಯಿತು. ಹುಲ್ಲಿನೊಳಗೆ ಕಾಣದ ಹಕ್ಕಿಯು ತಾನಾಗಿಯೇ ಕಾಣಿಸಿಕೊಳ್ಳುವುದು ಆ ಎರಡು ತಿಂಗಳಲ್ಲಿ ಮಾತ್ರ. ಬೇಟೆಗಾರರು ಆಗಲೇ ಬರುತ್ತಿದ್ದರು. ಕಾಂಗ್ರೆಸ್ಸಿನ ಸ್ಥಾಪಕರಲ್ಲಿ ಒಬ್ಬನೆಂದು ನಮಗೆಲ್ಲ ಪರಿಚಿತನಾದ ಹ್ಯೂಮನು ಪಕ್ಷಿಶಾಸ್ತ್ರದಲ್ಲಿಯೂ ಅದ್ವಿತೀಯನು. ಅವನೂ ಮಾರ್ಷಲನೂ ಸೇರಿ 1879ರಿಂದ 1881ರವರೆಗೆ ಭಾರತದ ಬೇಟೆಯ ಹಕ್ಕಿಗಳ ಮೇಲೆ ಮೂರು ಸಂಪುಟಗಳನ್ನು ಹೊರತಂದರು. ಮರಿಮಾಡುವ ಕಾಲದಲ್ಲಿ ಈ ಹಕ್ಕಿಯನ್ನು ಕೊಲ್ಲುವ ಪದ್ಧತಿಗೆ ಆಗಲೇ ಬೇಟೆಗಾರರ ನಡುವೆಯೇ ಆಕ್ಷೇಪವಿದ್ದಿತು. ಕ್ರೌಂಚಮಿಥುನದಲ್ಲಿ ಒಂದನ್ನು ಕೊಂದ ಬೇಡನಿಗೆ ವಾಲ್ಮೀಕಿಯ ಶಾಪ, ಕೂಡಿದ್ದ ಜಿಂಕೆಯನ್ನು ಎಚ್ಚ ಪಾಂಡುವಿಗೆ ಋಷಿಯ ಶಾಪ. ಈ ದೇಶದ ಎರಡು ಮಹಾಕಾವ್ಯಗಳಲ್ಲಿಯೂ ಬರುವ ಆ ಮಾತು ದೊರೆಗಳ ಕಿವಿಗೆ ಬಿದ್ದಂತಿಲ್ಲ.

ಇರಲಿ, ಮಳೆಯ ವಿಚಾರಕ್ಕೆ ಬರೋಣ. ಈ ಹಕ್ಕಿಯು ಮಳೆಗೆ ಎಷ್ಟು ಅಧೀನವೆಂದರೆ ಮುಂಗಾರು ತಡೆದರೆ ಅದರ ಬರವೂ ತಡೆಯುವುದು. ಮುಂಗಾರು ತಪ್ಪಿದ ಸೀಮೆಯಲ್ಲಿ ಗಂಡು ನೆಲವನ್ನು ಹಿಡಿದು ನೆಗೆಯುವುದೇ ಇಲ್ಲ. ಇವುಗಳ ಸಂಖ್ಯೆಯು 1982ರಲ್ಲಿ 4,374 ಎಂದು ಅಂದಾಜಾಗಿದ್ದಿತು. ಆಮೇಲೆ 1985ರಿಂದ ಮೂರು ವರ್ಷ ಗುಜರಾತು ರಾಜಸ್ಥಾನಗಳಲ್ಲಿ ಘೋರವಾದ ಬರ. ರವಿ ಶಂಕರನ್ ಎಂಬ ಪಕ್ಷಿಶಾಸ್ತ್ರಜ್ಞರು 1989ರಲ್ಲಿ ಊರೂರು ತಿರುಗಿ ಎಣಿಸಿದಾಗ ಅಂದಾಜು 1,672ಕ್ಕೆ ಇಳಿದಿದ್ದಿತು. ನೂರಕ್ಕೆ ಅರುವತ್ತರಷ್ಟು ನಷ್ಟ! ಆದರೆ ಮಳೆಗಳು ಮರಳಿದುವು. 1994ರಲ್ಲಿ ಅದು 2,206, 1999ರಲ್ಲಿ 3,530. ದನಗಾಹಿಯ ಮಾತಿಗೆ ಇದಕ್ಕಿಂತ ನಿಚ್ಚಳವಾದ ಪ್ರಮಾಣವನ್ನು ನಾನು ಕಂಡಿಲ್ಲ. ಬರವು ಕಿತ್ತುಕೊಂಡುದನ್ನು ಹತ್ತು ವರ್ಷಗಳ ಮಳೆಯು ಬಹುಮಟ್ಟಿಗೆ ತಿರುಗಿ ಕೊಟ್ಟಿತು.

ಹೇಗೆ ಕೊಟ್ಟಿತು? ಮಳೆ ಬಿದ್ದೊಡನೆ ಹುಲ್ಲು ಏಳಲು ನೆಲವೊಂದು ಕಾದಿದ್ದಿತು ಎಂಬುದೇ ಇದಕ್ಕೆ ಉತ್ತರ. ಸೌರಾಷ್ಟ್ರದಲ್ಲಿ ವಿಡಿಗಳೆಂಬ ಹುಲ್ಲುಗಾವಲುಗಳುಂಟು. ಹಿಂದೆ ಸಂಸ್ಥಾನಿಕರು ಅವುಗಳನ್ನು ಉಳದೆ, ಮಳೆಗಾಲದಲ್ಲಿ ದನಗಳನ್ನು ಬಿಡದೆ ಕಾಯಿಸಿ, ಹುಲ್ಲು ಬಲಿತ ಮೇಲೆ ಕೊಯ್ಯಿಸಿ ಬಣವೆ ಹಾಕಿಸುತ್ತಿದ್ದರು. ಬರ ಬಂದಾಗ ಪ್ರಜೆಗಳ ದನಗಳು ಉಳಿಯುತ್ತಿದ್ದುದು ಆ ಹುಲ್ಲಿನಿಂದ. ಹುಲ್ಲು ಕೊಯ್ಯುವ ಹೊತ್ತಿಗೆ ಖರಮೋರಿನ ಮರಿಗಳು ಓಡಾಡುವಷ್ಟು ಬೆಳೆದಿರುತ್ತಿದ್ದುವು. ಹಕ್ಕಿಯನ್ನು ಕಾಯಬೇಕೆಂಬ ಸಂಕಲ್ಪವು ಯಾರಿಗೂ ಇರಲಿಲ್ಲ. ಬರಕ್ಕೆಂದು ಹುಲ್ಲನ್ನು ಕಾಯ್ದರು, ಹುಲ್ಲು ಹಕ್ಕಿಯನ್ನು ಕಾಯ್ದಿತು. ಭಾವನಗರದವರ ವೇಳಾವದರದ ಹುಲ್ಲುಗಾವಲು 1976ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಇಂದಿಗೂ ಈ ಹಕ್ಕಿಗೆ ಆಶ್ರಯವಾಗಿದೆ. ಅವಂತಿಯ ಸೀಮೆಯ ಸೈಲಾನಾ ಮತ್ತು ಸರದಾರಪುರಗಳಲ್ಲಿ 1983ರಲ್ಲಿ ಖರಮೋರಿಗಾಗಿಯೇ ಅಭಯಧಾಮಗಳಾದುವು.

ನಮ್ಮ ನಾಡಿನಲ್ಲಿ ಇದಕ್ಕೆ ಸಾಟಿಯಾದುವು ಅಮೃತಮಹಲ್ ಕಾವಲುಗಳು. ಮೈಸೂರಿನ ಒಡೆಯರ ಕಾಲದಿಂದ ಅರಮನೆಯ ದನಗಳಿಗೆಂದು ಮೀಸಲಾಗಿ, ಹೈದರ್ ಟಿಪ್ಪುಗಳ ಕಾಲದಲ್ಲಿ ದಂಡಿನ ಎತ್ತುಗಳಿಗೆ ಆಧಾರವಾಗಿ, ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಋತುಮಾನಕ್ಕೆ ತಕ್ಕಂತೆ ವಿಂಗಡವಾಗಿದ್ದ ಹುಲ್ಲುನೆಲಗಳಿವು. ಒಂದು ಕಾವಲನ್ನು ಮೇಯಿಸುವಾಗ ಇನ್ನೊಂದಕ್ಕೆ ವಿಶ್ರಾಂತಿ. ಹಾಗೆ ವಿಶ್ರಾಂತಿಯಲ್ಲಿದ್ದ ನೆಲವು ಲಾವುಗೆ ಗೌಜುಗಗಳಿಗೆ ಹೆರಿಗೆಯ ಮನೆ. ಅದರ ಬೆಲೆ ಕಾಗದದ ಮೇಲೆ ಕಾಣಲಿಲ್ಲ. ಸರ್ಕಾರದ ದಫ್ತರದಲ್ಲಿ ಮರವಿಲ್ಲದ ನೆಲವು ಪಾಳು ಎನ್ನಿಸಿಕೊಂಡಿತು. ಕೆಲವು ಕಾವಲುಗಳು ಸಾಗುವಳಿಗೆ ಹೋದುವು. ಕೆಲವು ಕಡೆ ನೀಲಗಿರಿ ಮರ ನೆಟ್ಟರು. ಚಳ್ಳಕೆರೆಯ ಕಡೆಯ ಸುಮಾರು 10,000 ಎಕರೆ ಕಾವಲು ಈ ಶತಮಾನದಲ್ಲಿ ಸಂಶೋಧನೆಗೂ ಉದ್ಯಮಕ್ಕೂ ಹಂಚಿಹೋಯಿತು. 1974ರಲ್ಲಿ ಅಭಯಾರಣ್ಯವಾದ ರಾಣೇಬೆನ್ನೂರಿನಲ್ಲಿ ಎರೆಭೂತವಿದ್ದಿತು. ಅಲ್ಲಿಯೂ ಬಯಲನ್ನು ನೀಲಗಿರಿಯ ತೋಪು ಮುಚ್ಚಿತು. ಮರ ನೆಡುವುದು ಪುಣ್ಯಕಾರ್ಯವೆಂದು ನಾನೇ ತರಗತಿಯಲ್ಲಿ ನೂರು ಸಲ ಹೇಳಿದ್ದೇನೆ. ಎಲ್ಲಿ ನೆಡಬಾರದೆಂಬುದನ್ನು ಒಮ್ಮೆಯೂ ಹೇಳಲಿಲ್ಲ.

ಸೌರಾಷ್ಟ್ರ ಮಾಳವಗಳಲ್ಲಿಯೂ ಇದೇ ಗತಿ. ವಿಡಿಗಳು ಕಿರಿದಾದುವು, ಉಳಿದುವನ್ನು ಮಳೆಗಾಲದಲ್ಲಿಯೇ ಮೇಯಿಸಿದರು, ಹುಲ್ಲಿದ್ದಲ್ಲಿ ಸೋಯಾ, ಹತ್ತಿಗಳು ಬಂದುವು, ಹೊಲಕ್ಕೆ ಸಿಂಪಡಿಸಿದ ಔಷಧವು ಮರಿಗಳು ತಿನ್ನಬೇಕಾದ ಹುಳುವನ್ನೇ ಕೊಂದಿತು. 1999ರಲ್ಲಿ 3,530 ಇದ್ದ ಖರಮೋರುಗಳು 2017-18ರ ಗಣತಿಯಲ್ಲಿ ಸುಮಾರು 700ಕ್ಕೆ ಇಳಿದುವು. ಈ ನಡುವೆ ಮಳೆಯು ಕೆಟ್ಟ ವರ್ಷಗಳೂ ಉಂಟು, ಒಳ್ಳೆಯ ವರ್ಷಗಳೂ ಬೇಕಾದಷ್ಟು ಉಂಟು. 1989ರ ಆಮೇಲೆ ಮಳೆಯೊಡನೆ ಹಕ್ಕಿಯೂ ಮರಳಿದ್ದಿತು. ಈ ಸಲ ಮಳೆ ಮರಳಿತು, ಹಕ್ಕಿ ಮರಳಲಿಲ್ಲ. 2021ರಲ್ಲಿ ಲೋಕದ ಪಕ್ಷಿಗಳ ಪಟ್ಟಿಯಲ್ಲಿ ಅದನ್ನು ಅಳಿವಿನ ಅಂಚಿನಲ್ಲಿರುವವುಗಳ ಸಾಲಿಗೆ ಸೇರಿಸಿದರು. ಸೈಲಾನಾದ ಕಡೆ ಖರಮೋರಿನ ಸುದ್ದಿ ತಂದ ಒಕ್ಕಲಿಗನಿಗೆ ಅರಣ್ಯ ಇಲಾಖೆಯವರು ಬಹುಮಾನ ಕೊಡುವ ಏರ್ಪಾಡನ್ನೂ ಮಾಡಿದ್ದುಂಟು. ಹಿಂದೆ ಕೊಂದು ತಂದವನಿಗೆ ಬಹುಮಾನ ಸಿಕ್ಕುತ್ತಿದ್ದ ಹಕ್ಕಿ ಅದು.

ನಮ್ಮ ಸೀಮೆಯ ಮಾತನ್ನು ಹೇಳಿ ನಿಲ್ಲಿಸುತ್ತೇನೆ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆನಿಸಿದುವು. ಆ ವರ್ಷ ಬೆಳಗಿನ ತಿರುಗಾಟದಲ್ಲಿ ಲಾವುಗೆಯ ದನಿಯು ನನಗೆ ಒಂದು ದಿನವೂ ಕೇಳಿಸಲಿಲ್ಲ. 2024ರಲ್ಲಿ ಮಳೆಯು ಚೆನ್ನಾಯಿತು. ಪಾಠಶಾಲೆಯ ಹಿಂದಣ ಕಾವಲಿನಲ್ಲಿ ಅರ್ಧದಷ್ಟು ಈಗ ನಿವೇಶನಗಳಾಗಿ ಕಲ್ಲು ನೆಟ್ಟಿದೆ. ಇನ್ನರ್ಧವು ಹೇಗೋ ಉಳಿದಿದೆ. ಪುಷ್ಯಮಳೆಯ ಒಂದು ಬೆಳಗ್ಗೆ ಉಳಿದ ಅರ್ಧದ ಹುಲ್ಲಿನಿಂದ ಆ ಎರಡೆರಡು ದನಿಯ ಕೂಗು ಎದ್ದಿತು. ನಿವೇಶನಗಳ ಕಡೆಗೂ ಅಷ್ಟೇ ಮಳೆ ಬಿದ್ದಿದ್ದಿತು, ಅಲ್ಲಿಯೂ ಕಲ್ಲುಗಳ ನಡುವೆ ಹುಲ್ಲು ಮೊಣಕಾಲುದ್ದ ಬೆಳೆದಿದ್ದಿತು. ಬಹಳ ಹೊತ್ತು ನಿಂತು ಕೇಳಿದೆನು. ಆ ಕಡೆಯಿಂದ ಮರುದನಿ ಬರಲಿಲ್ಲ.